ಕಾಲು ನೋಡುವ ಸಿಸ್ಟರ್

ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಮೂವತ್ತೊಂದು ವರ್ಷ ಗಾಯ ತೊಳೆದು ಬ್ಯಾಂಡೇಜು ಕಟ್ಟಿದ ಸಿಸ್ಟರ್ ನಿವೃತ್ತರಾದಾಗ, ಇನ್ನಾದರೂ ಆರಾಮಾಗಿರುತ್ತಾರೆ ಅಂತ ಮನೆಯವರು ಅಂದುಕೊಂಡರು. ಅವರು ಆರಾಮಾಗಿದ್ದದ್ದು ಹದಿನೇಳೇ ದಿನ. ಹದಿನೆಂಟನೆಯ ದಿನ ಅವರ ಕಣ್ಣು ಅತ್ತೆಯ ಕಾಲಿನ ಮೇಲೆ ಬಿತ್ತು.

ಅತ್ತೆಗೆ ಎಂಬತ್ತಮೂರು. ಹೊಸಿಲು ದಾಟುವುದನ್ನು ಬಿಟ್ಟು ವರ್ಷವಾಗಿತ್ತು. ವಯಸ್ಸಾಯಿತಲ್ಲ ಅಂತ ಮನೆಯವರೆಲ್ಲ ಸುಮ್ಮನಿದ್ದರು. ಆವತ್ತು ಅತ್ತೆ ಮಂಚದಿಂದ ಇಳಿಯುವಾಗ ಬೆರಳು ನೆಲಕ್ಕೆ ತಾಗಿಸದೆ ಹಿಮ್ಮಡಿಯ ಮೇಲೇ ಭಾರ ಹಾಕಿದ್ದು ಕಂಡು ಸಿಸ್ಟರ್ ಅವರ ಕಾಲುಚೀಲ ಬಿಚ್ಚಿದರು. ಹೆಬ್ಬೆರಳಿನ ಉಗುರು ಕೊಂಬಿನ ಹಾಗೆ ದಪ್ಪಗಾಗಿ, ಬಾಗಿ, ಪಕ್ಕದ ಬೆರಳನ್ನು ಚುಚ್ಚುತ್ತಿತ್ತು. ಬಗ್ಗಿದರೂ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲವಂತೆ.

"ನಿನ್ನನ್ನ ಕೇಳೋಣ ಅಂದ್ಕೊಂಡೆ ಕಣೆ. ದಿನಾ ಊರವರ ಗಾಯ ತೊಳೆದು ಬರೋಳ ಮುಂದೆ ನಾನೂ ಕಾಲು ಚಾಚೋದು ಹೇಗೆ ಅಂತ ಸುಮ್ಮನಾದೆ" ಅಂದರು ಅತ್ತೆ.

ಸಿಸ್ಟರಿಗೆ ಬೇಸಿನ್ನಿನಲ್ಲಿ ಉಗುರು ಬೆಚ್ಚಗಿನ ನೀರು ತಂದು ಕಾಲು ನೆನೆಯಿಟ್ಟು, ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಅರದಿಂದ ಉಜ್ಜಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ವಾರ ಕಳೆಯುವುದರೊಳಗೆ ಅತ್ತೆ ರಸ್ತೆಯ ತುದಿಯವರೆಗೆ ಹೋಗಿ, ಒಂದು ವರ್ಷದ ಬಾಕಿ ಸುದ್ದಿಯನ್ನೆಲ್ಲ ಹೊತ್ತುಕೊಂಡು ಬಂದರು.

ಇದೇ ಕಾರಣಕ್ಕೆ ಇನ್ನೆಷ್ಟು ಮನೆಗಳಲ್ಲಿ ಎಷ್ಟು ಜನ ಮೂಲೆ ಹಿಡಿದಿದ್ದಾರೋ ಎಂಬ ಯೋಚನೆ ಸಿಸ್ಟರನ್ನು ಬಿಡಲಿಲ್ಲ. ಗ್ರಂಥಾಲಯದ ಹಿಂದೆ ಹಳೆ ಪತ್ರಿಕೆ ರಾಶಿ ಹಾಕಿದ್ದ ಒಂದು ಕೋಣೆಯಿತ್ತು. ಅಲ್ಲಿನ ಅಧಿಕಾರಿಯ ಬೆನ್ನು ಬಿದ್ದು ಅದನ್ನು ಗುರುವಾರದ ಬೆಳಗ್ಗೆಗಳಿಗೆ ಮಾತ್ರ ಬಿಡಿಸಿಕೊಂಡರು. ಎರಡು ಕುರ್ಚಿ, ಬೇಸಿನ್ನು, ಮೇಜಿನ ದೀಪ, ಟವೆಲ್ಲುಗಳ ಕಟ್ಟು. ಮಗಳು, "ಅಮ್ಮ, ರಿಟೈರ್ ಆದ್ಮೇಲೆ ಕಂಡವರ ಕಾಲು ಹಿಡಿಯೋಕೆ ಹೊರಟ್ಯಾ?" ಅಂತ ಕಿಚಾಯಿಸಿದಳು. ಅದು ಸರ್ವೀಸಿನಲ್ಲಿದ್ದಾಗ ಮಾಡಿದ್ದರೆ ಪ್ರಮೋಷನ್ನಾದರೂ ಸಿಗುತ್ತಿತ್ತು ಅಂತ ಸಿಸ್ಟರ್ ನಕ್ಕರು.

ಬಂದವರೆಲ್ಲ ಹೆಂಗಸರೇ. ಆಣಿ ಎದ್ದ ಅಂಗಾಲು, ಬಿರುಕು ಬಿಟ್ಟ ಹಿಮ್ಮಡಿ, ಬಿಗಿ ಚಪ್ಪಲಿಗೆ ಸಿಕ್ಕಿ ಒಂದರ ಮೇಲೊಂದು ಹತ್ತಿದ ಬೆರಳು. ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಂಡು ಬಂದವರನ್ನು ಸಿಸ್ಟರ್ ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಮುಲಾಮು ಹಿಮ್ಮಡಿಗೆ ಹಚ್ಚಿ, ಬೆರಳ ಸಂದಿಗೆ ಬೇಡ, ಅಲ್ಲಿ ಒಣಗಿರಬೇಕು ಅಂತ ಪ್ರತಿಯೊಬ್ಬರಿಗೂ ಬೇಸರವಿಲ್ಲದೆ ಹೇಳುತ್ತಿದ್ದರು.

ಮೂರನೆಯ ತಿಂಗಳಲ್ಲಿ ಒಬ್ಬಾಕೆಯನ್ನು ಕರೆತಂದ ಗಂಡ ಬಾಗಿಲಾಚೆ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತ. ಬಸ್ ಓಡಿಸಿ ನಿವೃತ್ತನಾದ ದಪ್ಪ ಮೀಸೆಯ ಡ್ರೈವರ್. ಅವನಿಗೆ ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷವಾಯಿತು ಅಂತ ಹೆಂಡತಿ ಒಳಗೆ ಹೇಳಿದ್ದಳು. ಬೇಸಿನ್ನಿನ ನೀರು ಚೆಲ್ಲಲು ಹೊರಗೆ ಬಂದ ಸಿಸ್ಟರಿಗೆ ಅವನ ಬಲಗಾಲಿನ ಬೂಟಿನ ಪಕ್ಕ ಹೊಲಿಗೆ ಬಿಟ್ಟ ಜಾಗದಲ್ಲಿ ಕಾಲುಚೀಲ ಕಂದುಬಣ್ಣಕ್ಕೆ ತಿರುಗಿದ್ದು ಕಂಡಿತು. ಮೂವತ್ತೊಂದು ವರ್ಷ ಗಾಯ ಸೋರಿ ಒಣಗಿದ ಅದೇ ಬಣ್ಣ ನೋಡಿದ ಕಣ್ಣು ಅದು. ಕಾಲು ತೋರಿಸಿ ಅಂದರೆ, ತನಗೇನೂ ನೋವಿಲ್ಲ ಅಂತ ಅವನು ಪೇಪರ್ ಮಗುಚಿದ.

"ನೋವಿಲ್ಲ ಅಂತೀರಲ್ಲ ಅಣ್ಣಾ, ನನಗೆ ಭಯ ಆಗ್ತಿರೋದು ಅದಕ್ಕೇ" ಅಂದರು ಸಿಸ್ಟರ್.

ಹೆಂಡತಿ ಪಟ್ಟು ಹಿಡಿದ ಮೇಲೆ ಅವನು ಒಳಗೆ ಬಂದು, ಮೊದಲು ಸರಿಯಿದ್ದ ಎಡಗಾಲು ಚಾಚಿದ. ಸಿಸ್ಟರ್ ಹತ್ತಿಯ ಎಳೆ ತೆಗೆದುಕೊಂಡು, ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದಾಗೆಲ್ಲ ಹೂಂ ಅನ್ನಿ ಅಂದರು. ಹೆಂಡತಿ ನೋಡುತ್ತಿದ್ದಂತೆ ಹೆಬ್ಬೆರಳು, ಕಿರುಬೆರಳು, ಅಂಗಾಲು, ಹಿಮ್ಮಡಿ ಎಲ್ಲ ಮುಟ್ಟಿದರು. ಸ್ವಲ್ಪ ಹೊತ್ತಾದ ಮೇಲೆ ಡ್ರೈವರ್ ಕಣ್ಣು ಮುಚ್ಚಿಕೊಂಡೇ ಕೇಳಿದ: "ಯಾಕೆ ಸಿಸ್ಟರ್, ಇನ್ನೂ ಶುರು ಮಾಡಿಲ್ವಾ?"

ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಅವನು ಕಣ್ಣು ಬಿಟ್ಟು ಅವಳ ಮುಖ ನೋಡಿದ. ಆಮೇಲೆ ತಾನಾಗಿಯೇ ಬಲಗಾಲಿನ ಬೂಟು ಕಳಚಿದ. ಕಿರುಬೆರಳ ಬುಡದಲ್ಲಿ ಕಪ್ಪಗಾದ ಗಾಯ. ಸಿಸ್ಟರ್ ಬೂಟಿನೊಳಗೆ ಕೈಯಾಡಿಸಿದರು. ಅಡಿಯಿಂದ ಒಂದು ಮೊಳೆ ಮೇಲೆದ್ದಿತ್ತು. ಎಷ್ಟು ದಿನದಿಂದ ಅದರ ಮೇಲೆ ನಡೆದಿದ್ದನೋ ಅವನಿಗೇ ಗೊತ್ತಿಲ್ಲ.

ಕೋಣೆಗೆ ಬೀಗ ಹಾಕಿ ಸಿಸ್ಟರೇ ಅವನನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಇನ್ನೊಂದು ವಾರ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಅಂದರು ಡಾಕ್ಟರು. ಕಿರುಬೆರಳೊಂದನ್ನು ತೆಗೆದರು. ಡ್ರೈವರ್ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿದ. ನಡೆದುಕೊಂಡು ಬಂದವನನ್ನು ಆ ಸಿಸ್ಟರ್ ಮಲಗಿಸಿದಳು ಅಂತ ನೋಡಲು ಬಂದವರ ಹತ್ತಿರವೆಲ್ಲ ಹೇಳಿದ. ಮಾತು ಸಿಸ್ಟರ್ ಕಿವಿಗೂ ಬಿತ್ತು. ಅವರು ಹೋಗುವುದನ್ನು ಬಿಡಲಿಲ್ಲ. ದಿನ ಬಿಟ್ಟು ದಿನ ಅವನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಒಂದು ದಿನ, ಬೆಳಗ್ಗೆ ಬಸ್ ತೆಗೆಯುವ ಮುಂಚೆ ಏನು ಮಾಡುತ್ತಿದ್ದಿರಿ ಅಂತ ಸುಮ್ಮನೆ ಕೇಳಿದರು. ಸುತ್ತ ಒಂದು ಸಲ ಬಂದು, ಬಗ್ಗಿ ಟೈರುಗಳನ್ನೆಲ್ಲ ತಟ್ಟಿ ನೋಡುತ್ತಿದ್ದೆ ಅಂದ.

"ಟೈರು ನೋವು ಅಂತ ಬಾಯಿ ಬಿಟ್ಟು ಹೇಳ್ತಿತ್ತಾ?"

ಡ್ರೈವರ್ ಮನೆಗೆ ಹೋದ ಮರುದಿನವೇ ಅಂಗಾಲು ನೋಡಿಕೊಳ್ಳಲು ಕನ್ನಡಿ ಬೇಕು ಅಂತ ಹೆಂಡತಿಯನ್ನು ಕೇಳಿದನಂತೆ. ಬೂಟಿನೊಳಗೆ ಕೈಹಾಕಿ ನೋಡದೆ ಕಾಲಿಡುವುದನ್ನೂ ಬಿಟ್ಟ.

ಎರಡು ತಿಂಗಳ ಮೇಲೆ ಅವನು ಗುರುವಾರಗಳಂದು ಬರತೊಡಗಿದ, ಜೊತೆಗೆ ತನ್ನ ಹಳೆಯ ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು. ಗಂಡಸರು ನಾಚಿಕೆಯಿಂದ ಹಿಂದೆ ಸರಿದರೆ ತನ್ನ ನಾಲ್ಕು ಬೆರಳಿನ ಕಾಲು ಮುಂದೆ ಮಾಡಿ, ನೋಡಿ, ತೋರಿಸಿದ್ದಕ್ಕೆ ಇಷ್ಟರಲ್ಲೇ ಮುಗಿಯಿತು ಅನ್ನುತ್ತಿದ್ದ.

ಕುರ್ಚಿಯಲ್ಲಿ ಕೂತವರ ಕಾಲು ನೋಡಲು ನೆಲದ ಮೇಲೆ ಕೂತು ಏಳುವುದರಲ್ಲಿ ಸಿಸ್ಟರ್ ಮಂಡಿ ಸೋತುಹೋಗಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ಗೋಡೆ ಹಿಡಿದು ಏಳುವುದನ್ನು ಡ್ರೈವರ್ ನೋಡಿದ್ದ. ಒಂದು ಗುರುವಾರ ನಾಲ್ವರು ಮೆಕ್ಯಾನಿಕ್ಕುಗಳು ಏದುಸಿರು ಬಿಡುತ್ತ ಒಂದು ಆಸನ ಹೊತ್ತು ತಂದರು. ಗುಜರಿಗೆ ಹಾಕಿದ್ದ ಬಸ್ಸಿನ ಡ್ರೈವರ್ ಸೀಟು. ಅದಕ್ಕೆ ಎತ್ತರದ ಕಬ್ಬಿಣದ ಪೀಠ, ಹತ್ತಲು ಎರಡು ಮೆಟ್ಟಿಲು, ಹಿಡಿಯಲು ಕಂಬಿ, ಕಾಲಿಡಲು ಮೆತ್ತನೆಯ ಹಲಗೆ ಬೆಸೆದಿದ್ದರು. ಕಾಲು ತೋರಿಸುವವರು ಅದರ ಮೇಲೆ ಕೂತರೆ ಸಿಸ್ಟರ್ ಇನ್ನು ಸ್ಟೂಲಿನ ಮೇಲೆ ಕೂತೇ ಕೆಲಸ ಮಾಡಬಹುದಿತ್ತು.

ಸಿಸ್ಟರ್ ಸೀಟನ್ನು ಸವರಿ, ಮುಖ ಆಚೆ ತಿರುಗಿಸಿ ಟವೆಲ್ಲು ಮಡಚಿದರು, ಮಡಚಿದ್ದನ್ನೇ ಮತ್ತೆ ಮಡಚಿದರು. ಮೊದಲು ಹತ್ತಿ ಕೂತದ್ದು ಅವರ ಅತ್ತೆ. ಸ್ಟೀರಿಂಗ್ ಎಲ್ಲಿ ಅಂತ ಕೇಳಿ ಎಲ್ಲರನ್ನೂ ನಗಿಸಿದರು. ಆವತ್ತು ಇಪ್ಪತ್ತೆರಡು ಜನ ಬಂದಿದ್ದರು, ಅವರಲ್ಲಿ ಒಂಬತ್ತು ಗಂಡಸರು.