ಕಿವಿ ಹೋಗುವ ಮೊದಲು ಕೇಳಿದ ಮೂರು ಕ್ಯಾಸೆಟ್ಟು

ಎಡಗಿವಿ ಜ್ವರದಲ್ಲಿ ಮೊದಲೇ ಹೋಗಿತ್ತು. ಬಲಗಿವಿಯೂ ಹೋಗುತ್ತಿದೆ ಎಂದು ನನಗೆ ತಿಳಿದದ್ದು ಒಂದು ಹಾಡಿನಿಂದ. ಡ್ರಮ್ಮು ಕೇಳಿಸಿತು, ಗಿಟಾರು ಕೇಳಿಸಿತು. ಕೊಳಲು ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ಹೆಂಡತಿಯನ್ನು ಕರೆದೆ.

"ಇಲ್ಲಿ ಕೊಳಲ ಐತೇನ ನೋಡು."

"ಐತಲ್ರಿ. ಚಲೋತ್ನ್ಯಾಗ ಕೇಳಸ್ತೈತಿ," ಎಂದಳು.

ಆಗ ನಾನು ಶೇಡಬಾಳದಲ್ಲಿದ್ದೆ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಆ ಹಾಡಿನ ಕ್ಯಾಸೆಟ್ಟು ಕೊಟ್ಟವನು ನನ್ನ ಕಾಲೇಜಿನ ಗೆಳೆಯ. ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಕ್ಯಾಸೆಟ್ ಅಂಗಡಿ. ಅಲ್ಲಿ ಖರ್ಚಾಗುತ್ತಿದ್ದದ್ದು ಲಾವಣಿ ಮತ್ತು ಹಿಂದಿ ಹಾಡು. ಒಮ್ಮೆ ಕೊಲ್ಲಾಪುರದಿಂದ ತರಿಸಿದ ಮಾಲಿನಲ್ಲಿ ಇಂಗ್ಲೆಂಡಿನ ಒಂದು ರಾಕ್ ತಂಡದ ಮೊದಲ ಮೂರು ಆಲ್ಬಮ್ಮು ಬಂದಿದ್ದವು. "ಇವ್ರಿಗೆ ಹೆಸರ ಬಂದದ್ದು ಆಮ್ಯಾಲಂತ. ಇವನ್ನ ಯಾವನೂ ಒಯ್ಯಂಗಿಲ್ಲ. ನೀ ಕೇಳ ನೋಡಲೇ," ಎಂದು ಕೈಗಿಟ್ಟ.

ಮೊದಮೊದಲು ತಲೆಬುಡ ತಿಳಿಯಲಿಲ್ಲ. ಒಂದೇ ಹಾಡು ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ನಡೆಯುತ್ತಿತ್ತು, ಪಲ್ಲವಿಗೆ ಮರಳುವ ಮಾತೇ ಇಲ್ಲ. ಬಸದಿಯ ಭಜನೆಗೆ ತಾಳ ಹಾಕಿ ಬೆಳೆದ ಕೈ ತೊಡೆಯ ಮೇಲೆ ತಪ್ಪುತ್ತಿತ್ತು. ಏಳು ಮಾತ್ರೆಗೆ ಎಣಿಸಿದಾಗ ತಾಳ ಕೂತಿತು. ಆಮೇಲೆ ಬಿಡಲಾಗಲಿಲ್ಲ. ಅವರ ಹೆಸರುವಾಸಿ ಆಲ್ಬಮ್ಮುಗಳನ್ನೂ ಗೆಳೆಯ ಮುಂದೆ ಕೇಳಿಸಿದ. ಅವು ಬೆಳಗಿಟ್ಟ ಪಾತ್ರೆಯ ಹಾಗೆ ಚೊಕ್ಕವಾಗಿದ್ದವು. ಮೊದಲಿನವುಗಳಲ್ಲಿ ಹಾಡುವವನ ದನಿ ಮೇಲೇರಿದಾಗ ಒಡೆಯುತ್ತದೆ. ಆರ್ಗನ್ ನುಡಿಸುವವನು ಹುಮ್ಮಸ್ಸಿನಲ್ಲಿ ಮುಂದೆ ಓಡುತ್ತಾನೆ, ಉಳಿದವರು ಬೆನ್ನು ಹತ್ತುತ್ತಾರೆ. ತಾವು ಏನಾಗಲಿದ್ದೇವೆ ಎಂದು ಅವರಿಗೇ ಗೊತ್ತಿರಲಿಲ್ಲ. ನನಗೆ ಹಿಡಿಸಿದ್ದು ಅದೇ.

ಕೊಳಲು ಕೇಳಿಸದಾದ ಮೇಲೆ ಮಿರಜದ ಡಾಕ್ಟರು ಕಿವಿ ಪರೀಕ್ಷೆ ಮಾಡಿ, "ನರಾ ಒಣಗಾಕತ್ತಾವ್ರಿ ಮಾಸ್ತರ. ಔಷಧಕ್ಕ ತಿರುಗಿ ಬರೂವಲ್ಲ," ಎಂದರು.

"ಎಷ್ಟ ದಿನಾ ಕೇಳಸೀತ್ರಿ?"

"ಹೇಳಾಕ ಬರಂಗಿಲ್ಲ."

ಅಂದಿನಿಂದ ಶಾಲೆ ಬಿಟ್ಟು ಬಂದವನೇ ಟೇಪ್ ರೆಕಾರ್ಡರಿಗೆ ಕಿವಿ ಒತ್ತಿ ಕೂರುತ್ತಿದ್ದೆ. ಚಹಾ ಆರಿಹೋಗುತ್ತಿತ್ತು. ಹೆಂಡತಿ ಭುಜ ಹಿಡಿದು ಅಲುಗಿಸಿದಳು. "ಜೋರ ಹಚ್ಚಿದ್ರ ಇದ್ದದ್ದೂ ಹೋಗತೈತಿ ಅಂತ ಡಾಕ್ಟರ್ ಹೇಳ್ಯಾರಲ್ರಿ."

"ಸಣ್ಣಗ ಹಚ್ಚಿದ್ರೂ ಹೋಗತೈತಿ. ಇರೂತನಾ ಕೇಳತೇನಿ ಬಿಡು."

ಅವಳು ಅಳುತ್ತ ಒಳಗೆ ಹೋದಳು. ನಾನು ವಾಲ್ಯೂಮ್ ತಗ್ಗಿಸಲಿಲ್ಲ. ಎಲ್ಲವನ್ನೂ ತಲೆಯೊಳಗೆ ತುಂಬಿಕೊಂಡು ಬಾಗಿಲು ಹಾಕಿಬಿಡಬೇಕು ಎಂಬ ಹುಚ್ಚು. ಆದರೆ ದಿನದಿನಕ್ಕೆ ತುಂಬಿಕೊಳ್ಳಲಿಕ್ಕೇ ಏನೂ ಉಳಿಯುತ್ತಿರಲಿಲ್ಲ. ಗಿಟಾರು ಹೋಯಿತು. ಆರ್ಗನ್ ದೂರದ ಗಿರಣಿಯ ಸದ್ದಾಯಿತು. ಕಿವಿಗೆ ಮಿಷನ್ ಹಾಕಿಸಿದರೆ ಮಾತು ಅಷ್ಟಿಷ್ಟು ತಿಳಿಯಿತು, ಹಾಡು ಮಾತ್ರ ತಗಡು ಎಳೆದಂತಾಯಿತು. ಕೊನೆಗೆ ಮಿಷನ್ನಿಗೂ ಏನೂ ಸಿಗದಾಯಿತು. ಹುಡುಗರು ಹೇಳುವ ಉತ್ತರ ಕೇಳಿಸದ ಮಾಸ್ತರನನ್ನು ಶಾಲೆಯವರು ಆಫೀಸಿನ ಕೆಲಸಕ್ಕೆ ಹಾಕಿದರು.

ಒಂದು ಸಂಜೆ ಕ್ಯಾಸೆಟ್ ಹಾಕಿ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡೆ. ಆ ಸಂಗೀತ ಅವಳಿಗೆ ಎಂದೂ ಸೇರಿದ್ದಲ್ಲ. ಅಷ್ಟರಲ್ಲಿ ತುಟಿ ನೋಡಿ ಅವಳ ಮಾತು ತಿಳಿಯಲು ಕಲಿತಿದ್ದೆ.

"ಈಗ ಏನ ನಡದೈತಿ ಹೇಳು," ಎಂದೆ.

"ಹಾಡಾಕತ್ತಾನ."

"ಹೆಂಗ?"

ಅವಳು ಬಗ್ಗಿ ಟೇಪಿಗೆ ಕಿವಿ ಹಚ್ಚಿ, ನನ್ನ ಕಡೆ ತಿರುಗಿದಳು. "ಯಾರನ್ನೋ ಕರದ ಕರದ ಸಾಕಾದಂಗ," ಎಂದಳು. "ಸಾಕ್ರಿ, ಬಂದ್ ಮಾಡ್ಲಿ?"

ನಾನು ಬೇಡ ಎಂದೆ. ಅವಳು ಎದ್ದು ಹೋಗಲಿಲ್ಲ.