ಈಯದ ಚೊಂಬು, ಸೀಸದ ಗುಂಡು

ಮೊನ್ನೆ ಶನಿವಾರ ನಮ್ಮ ಭಾವನವರು ಉಗುರು ಕತ್ತರಿಸುವ ಕಟ್ಟರ್ ಹುಡುಕುತ್ತ ಅಡುಗೆಮನೆಯ ಡ್ರಾಯರ್ ಎಳೆದರು. ಆ ಡ್ರಾಯರ್ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ, ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ: ಮುಗಿದುಹೋದ ಬ್ಯಾಟರಿ, ಯಾವ ಬೀಗದ್ದೋ ಕೀಲಿಕೈ, ಅರ್ಧ ಸುಟ್ಟ ಹುಟ್ಟುಹಬ್ಬದ ಮೇಣದಬತ್ತಿ. ಅದರ ತಳದಿಂದ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ಎದ್ದುಬಂತು. ಒಳಗೆ ಹಳೇ ರೂಪಾಯಿಯಗಲದ ಒಂದು ಬಿಳಿ ಬಟ್ಟೆ ಚೂರು. ಭಾವ ಅದನ್ನು ಮೂಗಿನ ಹತ್ತಿರ ಹಿಡಿದು, "ಹರಳೆಣ್ಣೆ ವಾಸನೆ ಬರ್ತಿದೆ. ಏನಮ್ಮ ಇದು?" ಎಂದರು.

ಭಾವ ಅಂದರೆ ನನ್ನ ಗಂಡ ಮಂಜುವಿನ ಅಣ್ಣ, ಶಂಕರ. ತಿಪಟೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಇದೇ ಮೊದಲ ಸಲ ಅಮೆರಿಕಕ್ಕೆ, ಸಿಯಾಟಲ್ ಪಕ್ಕದ ಬಾಥೆಲ್‌ನ ನಮ್ಮ ಮನೆಗೆ ಬಂದಿದ್ದಾರೆ.

"ಬಂದೂಕಿನ ನಳಿಗೆ ಒರೆಸಿದ ಬಟ್ಟೆ ಭಾವ," ಎಂದೆ. ಅವರು ಚೀಲ ಕೈಬಿಟ್ಟರು. ಪೂರ್ತಿ ಕಥೆ ಹೇಳದೆ ಗತಿಯಿರಲಿಲ್ಲ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನನ್ನ ಪೆದ್ದುತನ ಇದರಲ್ಲಿ ಧಾರಾಳವಾಗಿದೆ, ಸಂಕೋಚವಿಲ್ಲದೆ ನಕ್ಕುಬಿಡಿ.

ಏಳು ವರ್ಷದ ಹಿಂದಿನ ಮಾತು. ನಮ್ಮಿಂದ ಎರಡು ಬೀದಿ ಆಚೆ ವಾಸಣ್ಣ ಎಂಬ ಹಿರಿಯರಿದ್ದರು. ಭದ್ರಾವತಿಯವರು. ಎಪ್ಪತ್ತರ ದಶಕದಲ್ಲಿ ಲೋಹಶಾಸ್ತ್ರ ಓದಲು ಸಿಯಾಟಲ್‌ಗೆ ಬಂದು, ವಿಮಾನದ ಬಿಡಿಭಾಗಗಳ ಲೋಹ ಪರೀಕ್ಷಿಸುತ್ತಲೇ ತಲೆ ಹಣ್ಣಾಗಿಸಿಕೊಂಡು ನಿವೃತ್ತರಾದವರು. ಈರುಳ್ಳಿಯನ್ನೂ ಯೋಚನೆ ಮಾಡಿ ತಿನ್ನುವ ಈ ಮನುಷ್ಯನ ಹತ್ತಿರ ಒಂದು ಹಳೆಯ ರೈಫಲ್ ಇತ್ತು. ಕೆಳಗಿನ ಲಿವರ್ ಎಳೆದು ಮೇಲೆತ್ತಿದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ, ಅಂಥದ್ದು. ಅದರಿಂದ ಅವರು ಒಂದು ಗುಬ್ಬಿಗೂ ಗುರಿಯಿಟ್ಟವರಲ್ಲ. ಹೊಡೆಯುವುದೆಲ್ಲ ಕಾಗದಕ್ಕೆ. ಅವರ ನಿಜವಾದ ಖುಷಿ ಗುಂಡು ತಯಾರಿಸುವುದರಲ್ಲಿತ್ತು. ಗ್ಯಾರೇಜಿನಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು, ಜೇನುಮೇಣದ ಜಿಡ್ಡು ಸವರುವುದು, ಮದ್ದು ತೂಗಿ ತೋಟಾ ತುಂಬುವುದು, ಹೊಡೆದ ಮೇಲೆ ನಳಿಗೆಗೆ ಬಟ್ಟೆ ತೂರಿಸಿ ಒಳಗೆ ಸೀಸ ಮೆತ್ತಿಕೊಂಡಿದೆಯೋ ಇಲ್ಲವೋ ಎಂದು ನೋಡುವುದು. ಮೆತ್ತಿಲ್ಲವೆಂದರೆ ಆ ದಿನವೆಲ್ಲ ಹಬ್ಬ. ಜಿಡ್ಡಿಗೆ ಪ್ರಾಣಿಯ ಕೊಬ್ಬು ಬೆರೆಸಬೇಕೆಂದು ಪುಸ್ತಕದಲ್ಲಿದ್ದರೆ ಇವರು ಹರಳೆಣ್ಣೆ ಬೆರೆಸುತ್ತಿದ್ದರು. "ಗುರಿ ತಪ್ಪಿದ್ರೂ ಪರವಾಗಿಲ್ಲ, ಮಡಿ ತಪ್ಪಬಾರದು ನಮ್ಮನೆಯೋರಿಗೆ," ಎಂದು ಅವರ ಹೆಂಡತಿ ಶಾರದಾ ಆಂಟಿ ಹಂಗಿಸುತ್ತಿದ್ದರು.

ನನ್ನ ಮಗಳು ಅದಿತಿಗೆ ಆಗ ಮೂರು ವರ್ಷ. ನಾನು ಬೆಲ್ವ್ಯೂಗೆ ಕೆಲಸಕ್ಕೆ ಹೋದಾಗ ಶಾರದಾ ಆಂಟಿಯೇ ನೋಡಿಕೊಳ್ಳುತ್ತಿದ್ದರು. ಗ್ಯಾರೇಜಿನಲ್ಲಿ ಸೀಸವಿದೆಯೆಂದು ಗೊತ್ತಾದ ದಿನ ನಾನು ಕೆಂಡಾಮಂಡಲವಾದೆ. ನನ್ನ ಬಾಯಿ ಮೊದಲೇ ಜೋರು, ಜೊತೆಗೆ ಇಂಟರ್ನೆಟ್‌ನಲ್ಲಿ ಓದಿಕೊಂಡು ಬೇರೆ ಹೋಗಿದ್ದೆ. "ಅಂಕಲ್, ಬೇಜಾರು ಮಾಡ್ಕೋಬೇಡಿ, ಸೀಸ ಇರೋ ಮನೇಗೆ ನಾನು ಮಗೂನ ಕಳಿಸಲ್ಲ," ಎಂದು ಬಾಗಿಲಲ್ಲೇ ನಿಂತು ಹೇಳಿದೆ. ಆ ಗ್ಯಾರೇಜಿಗೆ ಅವರು ಯಾವ ಮಗುವನ್ನೂ ಬಿಡುತ್ತಿರಲಿಲ್ಲ. ಕೆಲಸದ ಅಂಗಿ ಅಲ್ಲೇ ಕಳಚಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದೇ ಒಳಗೆ ಬರುತ್ತಿದ್ದರು. ಇದೊಂದನ್ನೂ ಹೇಳಿಕೊಳ್ಳದೆ, "ಸರಿಯಮ್ಮ, ನಿನ್ನ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ," ಎಂದುಬಿಟ್ಟರು.

ಮಗುವನ್ನು ನೋಡಿಕೊಳ್ಳಲು ತಿಪಟೂರಿನಿಂದ ಅತ್ತೆ ಬಂದರು, ಕೈಚೀಲದಲ್ಲಿ ತಮ್ಮ ಈಯದ ಚೊಂಬು ಇಟ್ಟುಕೊಂಡು. ಈಯ ಅಂದರೆ ತವರ. ಅದರಲ್ಲಿ ಕುದಿಸಿದ ಸಾರಿನ ರುಚಿಯೇ ಬೇರೆ ಎಂದು ಅತ್ತೆಯ ನಂಬಿಕೆ. ಮದುವೆಯಲ್ಲಿ ಅವರ ತಾಯಿ ಕೊಟ್ಟ ಪಾತ್ರೆ. ಬರಿದೇ ಒಲೆಯ ಮೇಲಿಟ್ಟರೆ ಕರಗಿಹೋಗುತ್ತದೆ, ಆದ್ದರಿಂದ ಮೊದಲು ನೀರು, ಆಮೇಲೆ ಉರಿ. ಈ ಪಾಠವನ್ನು ದಿನಕ್ಕೆರಡು ಸಲ ಕೇಳಿ ನಾನು ಆ ಚೊಂಬನ್ನೇ ದ್ವೇಷಿಸತೊಡಗಿದ್ದೆ. ಸ್ಟೀಲಿನಲ್ಲಿ ನಾನು ಮಾಡಿದ ಸಾರನ್ನು ಅತ್ತೆ ಒಂದು ತುತ್ತು ತಿಂದು, "ಬಿಸಿನೀರು ಚೆನ್ನಾಗಿದೆ," ಎನ್ನುತ್ತಿದ್ದರು. ಅದಿತಿ ಮಾತ್ರ ಅಜ್ಜಿಯ ಸಾರನ್ನು ಬಟ್ಟಲೆತ್ತಿ ಕುಡಿಯುತ್ತಿದ್ದಳು. ನಾಲ್ಕು ತಿಂಗಳು, ದಿನಾ.

ಒಂದು ಬೆಳಿಗ್ಗೆ ಅತ್ತೆ ದೇವಸ್ಥಾನದ ಭಜನೆಗೆ ಹೋಗಿದ್ದರು. ನಾನು ಮನೆಯಿಂದಲೇ ಆಫೀಸಿನ ಕಾಲ್‌ನಲ್ಲಿದ್ದೆ. ಕಿವಿಗೆ ಹೆಡ್‌ಫೋನ್, ಅದಿತಿಗೆ ಸಾರಿಡಲು ಕೈಯಲ್ಲಿ ಚೊಂಬು. ಒಲೆ ಹಚ್ಚಿದೆ, ಚೊಂಬು ಇಟ್ಟೆ, ಇನ್ನೇನು ನೀರು ಹಿಡಿಯಬೇಕು, ಮ್ಯಾನೇಜರ್ ಏನೋ ಕೇಳಿದರು. ಉತ್ತರ ಹೇಳಿ ತಿರುಗುವಷ್ಟರಲ್ಲಿ ಚೊಂಬು ಬೆಣ್ಣೆಯ ಹಾಗೆ ಕುಸಿದು ಕುಳಿತಿತ್ತು.

ಆರಿದ ಗಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಓಡಿದ್ದು ಎಲ್ಲಿಗೆ ಹೇಳಿ? ಅದೇ ವಾಸಣ್ಣನ ಗ್ಯಾರೇಜಿಗೆ. ನಾಚಿಕೆ ಮಾನ ಬಿಟ್ಟು, "ಅಂಕಲ್, ಅತ್ತೆ ಬರೋದ್ರೊಳಗೆ ಇದನ್ನ ಚೊಂಬು ಮಾಡಿಕೊಡಿ," ಎಂದೆ.

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನ್ನ ಹತ್ರ ಇರೋದು ಗುಂಡಿನ ಅಚ್ಚು ಕಣಮ್ಮ. ಚೊಂಬಿನ ಅಚ್ಚು ಎಲ್ಲಿಂದ ತರ್ಲಿ? ಅಪ್ಪಟ ತವರ ಆದ್ರೆ ನಂಗೆ ಕೊಡು. ಸೀಸಕ್ಕೆ ಚೂರು ತವರ ಬೆರೆಸಿದ್ರೆ ಅಚ್ಚಿನ ಮೂಲೆಮೂಲೆಗೂ ಚೆನ್ನಾಗಿ ಹರಿಯುತ್ತೆ." ನನ್ನನ್ನು ಬಾಗಿಲಾಚೆ ನಿಲ್ಲಿಸಿ ಒಂದು ತುಂಡು ಕರಗಿಸಿದರು. ಅಪ್ಪಟವೋ ಅಲ್ಲವೋ ನೋಡಲು ಒಂದೇ ಒಂದು ಗುಂಡು ಹೊಯ್ದು ತಕ್ಕಡಿಗೆ ಇಟ್ಟರು. ಅವರ ನಗು ನಿಂತಿತು. ಇನ್ನೊಂದು ಹೊಯ್ದು ತೂಗಿದರು.

"ಅಚ್ಚು ಒಂದೇ. ತವರ ಆಗಿದ್ರೆ ಸೀಸದ ಗುಂಡಿನ ಮುಕ್ಕಾಲು ತೂಕಾನೂ ಬರಬಾರದು. ಇದು ಜಾಸ್ತಿ ತೂಗ್ತಿದೆ," ಎಂದರು. ನನ್ನ ಮುಖ ನೋಡಲಿಲ್ಲ. "ಅರ್ಧಕ್ಕರ್ಧ ಸೀಸ ಇದೆ ಕಣಮ್ಮ ಇದರಲ್ಲಿ. ಇದರಲ್ಲೇ ಹುಣಸೆಹುಳಿ ಕುದಿಸ್ತಿದ್ರಾ?"

ಸೀಸವಿದ್ದ ಮನೆಗೆ ಮಗುವನ್ನು ಕಳಿಸುವುದಿಲ್ಲ ಎಂದು ಇದೇ ಬಾಗಿಲಲ್ಲಿ ಭಾಷಣ ಬಿಗಿದಿದ್ದೆನಲ್ಲ, ಅದೇ ಬಾಗಿಲಲ್ಲಿ ಕುಳಿತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಅತ್ತೆ ಬರಲಿ, ಇವತ್ತು ಇದೆ ಅವರಿಗೆ, ಎಂದೆಲ್ಲ ಕೂಗಾಡಿದೆ. ವಾಸಣ್ಣ ಮೊಣಕೈವರೆಗೆ ಕೈ ಉಜ್ಜಿ ತೊಳೆಯುತ್ತ, "ಮೊದಲು ಮಗು ರಕ್ತ ಪರೀಕ್ಷೆ. ಅತ್ತೆ ವಿಷಯ ಆಮೇಲೆ," ಎಂದರು. ಕೈ ಒರೆಸಿಕೊಳ್ಳುತ್ತ ತಮ್ಮಷ್ಟಕ್ಕೆ ಶುರುಮಾಡಿದರು: "ಮೊದಲ ಎರಡು ವರ್ಷ ನನ್ನ ರೈಫಲ್ ತುಂಬಾ ಸೀಸ ಮೆತ್ಕೊಳ್ತಿತ್ತು. ಗುಂಡು ಮೆತ್ತಗಾಯ್ತು, ಗಟ್ಟಿ ಮಾಡು ಅಂದ್ರು ಎಲ್ಲಾ. ಗಟ್ಟಿ ಮಾಡಿದೆ, ಇನ್ನೂ ಮೆತ್ಕೊಳ್ತು. ತಪ್ಪು ಅಲ್ಲಿರ್ಲೇ ಇಲ್ಲ. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಸಣ್ಣದಿತ್ತು. ಆ ಸಂದೀಲಿ ಬಿಸಿ ಗಾಳಿ ನುಗ್ಗಿ ಸೀಸಾನ ಕರಗಿಸಿ ಮೆತ್ತುತ್ತಿತ್ತು. ಕೂದಲೆಳೆಯಷ್ಟು ದಪ್ಪ ಮಾಡಿದೆ, ಮೆತ್ತಗಿನ ಗುಂಡೇ ಸಾಕಾಯ್ತು. ಸುಮ್ನೆ ಎರಡು ವರ್ಷ ಗುಂಡನ್ನ ಬೈದೆ."

"ಅಂಕಲ್, ನನ್ನ ಮಗು ವಿಷಯ ಮಾತಾಡ್ತಿದೀನಿ. ನೀವು ಗುಂಡಿನ ಪುರಾಣ ಹೇಳ್ತೀರಲ್ಲ!" ಎಂದು ಎದ್ದುಬಂದೆ.

ಅದಿತಿಯ ರಕ್ತದಲ್ಲಿ ಸೀಸ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಗಾಬರಿಯಾಗುವಷ್ಟಿಲ್ಲ, ಆ ಪಾತ್ರೆ ನಿಲ್ಲಿಸಿ, ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು ಡಾಕ್ಟರು. ಅತ್ತೆಗೆ ಹೇಳಲು ನಾನು ಚುಚ್ಚುಮಾತುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆದಾಗ ಒಂದೂ ಬರಲಿಲ್ಲ. ಕರಗಿಸಿದ್ದನ್ನು ಹೇಳಿದೆ, ಸೀಸವಿದ್ದದ್ದನ್ನು ಹೇಳಿದೆ. ಅತ್ತೆ ಅಡುಗೆಮನೆಯ ನೆಲದ ಮೇಲೆ ಕುಳಿತರು. "ಮಗು ಸರಿಹೋಗುತ್ತಾ?" ಎಂದು ಮೂರು ಸಲ ಕೇಳಿದರು. ಆಮೇಲೆ ನಾಲ್ಕು ದಿನ ಒಲೆಯ ಹತ್ತಿರ ಸುಳಿಯಲಿಲ್ಲ.

ಭಾನುವಾರ, "ಆ ವಾಸಣ್ಣನೋರ ಹತ್ರ ಕರ್ಕೊಂಡು ಹೋಗು," ಎಂದರು. ವಾಸಣ್ಣ ಗುರಿಯ ಮೈದಾನಕ್ಕೆ ಹೊರಟಿದ್ದರು. ಚೊಂಬಿನ ಲೋಹ ಬೆರೆಸಿದ ಗುಂಡುಗಳು ಅವರ ಡಬ್ಬಿಯಲ್ಲಿದ್ದವು. ಅತ್ತೆಯೂ ಬರುತ್ತೇನೆಂದು ಹಟ ಹಿಡಿದರು. ಜಿನುಗು ಮಳೆ. ಸೀರೆಯ ಮೇಲೆ ನನ್ನ ಜಾಕೆಟ್, ತುರುಬಿನ ಮೇಲೆ ಗುಂಡಿನ ಸದ್ದು ತಡೆಯಲು ಕಿವಿಗೆ ಹಾಕುವ ದೊಡ್ಡ ಮುಚ್ಚಳ. ಅವರನ್ನು ಆ ವೇಷದಲ್ಲಿ ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ.

ವಾಸಣ್ಣ ಹತ್ತು ಗುಂಡು ಹೊಡೆದರು. ರೈಫಲ್ ಖಾಲಿ ಮಾಡಿ ನಳಿಗೆಗೆ ಬಟ್ಟೆ ತೂರಿಸಿದರು. ಮೊದಲ ಚೂರು ಕಪ್ಪಗೆ ಬಂತು, ಅದು ಮದ್ದಿನ ಮಸಿ. ಮತ್ತೆರಡು ತೂರಿಸಿದರು. ಕೊನೆಯದನ್ನು ಹರಳೆಣ್ಣೆಯ ಹನಿಯಲ್ಲಿ ತೋಯಿಸಿ ತೂರಿಸಿದರು. ಬೆಳ್ಳಗೆ ಬಂತು. "ನೋಡಿ ಅಕ್ಕಾ, ನಿಮ್ಮ ಚೊಂಬು ಹತ್ತು ಸಲ ಹಾದುಹೋಯ್ತು, ಒಂದು ಚೂರೂ ಮೆತ್ಕೊಂಡಿಲ್ಲ," ಎಂದು ಅತ್ತೆಯ ಕೈಗೆ ಕೊಟ್ಟರು. ಸಮಾಧಾನ ಮಾಡಲು ಅವರಿಗೆ ತಿಳಿದಿದ್ದ ದಾರಿ ಅದೊಂದೇ.

ಅತ್ತೆ ಆ ಬಟ್ಟೆಯನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿದರು. "ಬಂದೂಕಿಗಾದ್ರೆ ಬಟ್ಟೆ ಹಾಕಿ ನೋಡಬಹುದು. ಮಕ್ಕಳಿಗೆ?" ಎಂದರು. ಆಮೇಲೆ, "ಈ ವಿಷ ತಿಂದ ಮಕ್ಕಳಿಗೆ ಓದು ತಲೆಗೆ ಹತ್ತಲ್ಲ ಅಂತಾರಲ್ಲ, ಹೌದಾ?"

ಅವರು ಕೇಳುತ್ತಿದ್ದದ್ದು ಅದಿತಿಯ ಬಗ್ಗೆ ಅಲ್ಲವೆಂದು ನನಗೆ ಆಗ ಹೊಳೆಯಿತು. ಮಂಜು ಶಾಲೆಗೆ ಸೇರುವವರೆಗೂ ಮೈಸೂರಿನ ಅಜ್ಜಿಯ ಮನೆಯಲ್ಲಿ ಬೆಳೆದವನು. ತಾಯಿಯ ಹತ್ತಿರವೇ ಇದ್ದು ಒಂದನೇ ವರ್ಷದಿಂದ ಆ ಸಾರು ತಿಂದವರು ಶಂಕರ ಭಾವ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದವರು. ಮನೆಯಲ್ಲಿ ಅವರನ್ನು ದಡ್ಡ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಆ ಮಾತಿಗೆ ನಾನೂ ನಕ್ಕವಳೇ. ವಾಸಣ್ಣ, "ಅಷ್ಟು ಹಳೇದನ್ನ ಯಾರೂ ಹೇಳೋಕಾಗಲ್ಲ ಅಕ್ಕಾ," ಎಂದಷ್ಟೇ ಹೇಳಿ ರೈಫಲ್ ಚೀಲಕ್ಕೆ ಹಾಕಿದರು.

ಆ ಸಂಜೆ, ತಿಪಟೂರಿನಲ್ಲಿ ಆಗ ಸೋಮವಾರ ಬೆಳಿಗ್ಗೆ, ಅತ್ತೆ ಫೋನು ಮಾಡಿಸಿದರು. ಆ ಕಡೆ ಅಂಗಡಿಯ ಷಟರ್ ಎತ್ತುವ ಸದ್ದು. "ಶಂಕರಾ, ಓದು ಹತ್ತಲ್ಲ ಅಂತ ಚಿಕ್ಕೋನಿದ್ದಾಗ ನಿಂಗೆ ಸುಮ್ಮಸುಮ್ಮನೆ ಹೊಡೆದುಬಿಟ್ಟೆನಲ್ಲೋ," ಎಂದು ಚೊಂಬಿನ ಕಥೆಯನ್ನೆಲ್ಲ ಅಳುತ್ತಲೇ ಹೇಳಿದರು. "ಯಾವಾಗಮ್ಮ ಹೊಡೆದೆ? ನಂಗೇನೂ ನೆನಪಿಲ್ಲ ಬಿಡು," ಎಂದರು ಭಾವ. ನಮಗೆಲ್ಲ ಉಸಿರು ಬಂದಂತಾಯಿತು.

ಎರಡು ತಿಂಗಳ ಮೇಲೆ ಅದಿತಿಯ ರಿಪೋರ್ಟು ಬಂತು. ಸೀಸ ಇಳಿದಿತ್ತು. ಆಸ್ಪತ್ರೆಯ ಕಾರ್ ಪಾರ್ಕಿಂಗ್‌ನಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಮರುದಿನ ಮಗುವನ್ನು ಶಾರದಾ ಆಂಟಿಯ ಮನೆಗೆ ಬಿಟ್ಟು, ವಾಸಣ್ಣನಿಗೆ ಕ್ಷಮೆ ಕೇಳಿದೆ. "ಕಾಫಿ ಕುಡಿ ಮೊದಲು," ಎಂದರು. ಊರಿಗೆ ಹೊರಡುವ ದಿನ ಅತ್ತೆ ಆ ಬಟ್ಟೆ ಚೂರನ್ನು ನನ್ನ ಕೈಯಲ್ಲಿಟ್ಟು, "ಎಸೀಬೇಡ," ಎಂದಿದ್ದರು. ಎಸೆಯಲಿಲ್ಲ.

ಮೊನ್ನೆ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಹತ್ತು ವರ್ಷದ ಅದಿತಿ ಬಂದು, "ಓ, ಪಾಯ್ಸನ್ ಸಾರು ಸ್ಟೋರಿ! ಐ ಆಮ್ ದ ಹೀರೋಯಿನ್, ದೊಡ್ಡಪ್ಪ," ಎಂದು ಫ್ರಿಜ್ಜಿನಿಂದ ಏನೋ ತೆಗೆದುಕೊಂಡು ಹೋದಳು. ಭಾವ ಅವಳು ಹೋಗುವವರೆಗೂ ಕಾದರು. ಬಟ್ಟೆ ಚೂರು ಅವರ ಅಂಗೈಯಲ್ಲಿತ್ತು.

"ಅಮ್ಮ ಈಗ್ಲೂ ಕೇಳ್ತಾಳೆ, ಹೊಡೆದಿದ್ದು ನೆನಪಿದ್ಯೇನೋ ಅಂತ. ಇಲ್ಲ ಅಂತೀನಿ," ಎಂದರು. "ಎಲ್ಲಾ ನೆನಪಿದೆ ಕಣಮ್ಮ. ಸೌಟಿನ ಹಿಡಿ. ಏಳರ ಮಗ್ಗಿ." ಐವತ್ತೆರಡು ವರ್ಷದ ಮನುಷ್ಯ, ಅರ್ಧ ನರೆತ ಮೀಸೆ. ಯಾರಿಗೂ ಕೇಳಿಸಬಾರದೆಂಬ ದನಿಯಲ್ಲಿ, "ಹಾಗಾದ್ರೆ ನಾನು ದಡ್ಡ ಅಲ್ಲ, ಅಲ್ವಾ?" ಎಂದು ಕೇಳಿದರು.

ಪುರಾವೆಯಿಲ್ಲದೆ ಒಂದು ಮಾತನ್ನೂ ಒಪ್ಪದವಳು ನಾನು. ಅವರ ರಕ್ತವನ್ನು ಆಗ ಯಾರೂ ಪರೀಕ್ಷಿಸಿರಲಿಲ್ಲ. ವಾಸಣ್ಣನಂಥ ವಾಸಣ್ಣನೇ ಹೇಳಲಾಗುವುದಿಲ್ಲ ಎಂದಿದ್ದರು.

"ಅಲ್ಲ ಭಾವ," ಎಂದೆ.

"ಇನ್ನೊಂದ್ಸಲ ಹೇಳಮ್ಮ," ಎಂದರು.

ಹೇಳಿದೆ.