ಸೈಮನ್ ನುಂಗಲಾರದ ಮಾತು

ಕಾಡುಕೋಣ ಎದುರಿಗೆ ನಿಂತರೂ ಬಾಯಲ್ಲಿನ ಬೀಡಿ ಬೀಳಿಸದ ಗಂಡಸು ಸೈಮನ್ ಸಿದ್ದಿ. ಅಂಥವನಿಗೆ ಆ ಭಾನುವಾರ ದಾಂಡೇಲಿ ಬಸ್ಸಿನಲ್ಲಿ ಕೈಕಾಲು ತಣ್ಣಗಾಗಿದ್ದವು. ಹೊರಟದ್ದು ಮಗಳು ನೀಲಂಳ ಮದುವೆಯ ನಿಶ್ಚಯಕ್ಕೆ. ಹೆದರಿಕೆಯೆಲ್ಲ ಒಂದೇ ಒಂದು ಮಾತಿನದು.

ಹಳಿಯಾಳದಾಚೆ ಅವನ ಊರಿನ ಪುಟ್ಟ ಇಗರ್ಜಿಗೆ ಪಾದ್ರಿಗಳು ಬರುವುದು ತಿಂಗಳಿಗೊಮ್ಮೆ. ಉಳಿದ ಭಾನುವಾರ, ಕ್ರೈಸ್ತರು ತಮ್ಮ ನಂಬಿಕೆ ಸಾರುವ ವಿಶ್ವಾಸ ಪ್ರಮಾಣವನ್ನು ಜನರಿಂದ ಹೇಳಿಸುವವನು ಈ ಕೂಲಿ ಸೈಮನ್ನೇ. ಓದು ಬಾರದು, ಅಜ್ಜಿಯ ಬಾಯಿಂದ ಕಲಿತದ್ದು. ಅವನೊಂದು ತುಂಡು ಹೇಳಿ ನಿಲ್ಲಬೇಕು, ಮುಂದಿನ ತುಂಡನ್ನು ಜನ ಹೇಳಬೇಕು. ಅಲ್ಲಿಯ ರೂಢಿ ಅದು.

ಆ ಪ್ರಮಾಣದಲ್ಲಿ ಪವಿತ್ರಾತ್ಮ ಪಿತನಿಂದ ಹೊರಡುತ್ತಾನೆ ಎಂದಷ್ಟೇ ಗ್ರೀಕರು ಬರೆದಿದ್ದರಂತೆ. ಪಶ್ಚಿಮದ ರೋಮಿನವರು ಆಮೇಲೆ 'ಸುತನಿಂದಲೂ', ಅಂದರೆ ದೇವರ ಮಗನಿಂದಲೂ, ಎಂದು ಸೇರಿಸಿದರಂತೆ. ಅದಕ್ಕೆ ಸಾವಿರ ವರ್ಷದ ಜಗಳ, ನೋಡಿ! ಸೈಮನ್‌ನವರು ರೋಮಿನ ಕಡೆ. ಹುಡುಗನ ಮನೆಯವರು ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತರು, ಗ್ರೀಕರಂತೆಯೇ ಹೇಳುವವರು. ಹುಡುಗನ ಅಜ್ಜಿ ಏಲಿಯಮ್ಮ ಮೊದಲೇ ಹೇಳಿಕಳಿಸಿದ್ದಳು: "ಹುಡುಗಿ ಬಂಗಾರ. ಆದ್ರ ನಮ್ಮ ಮನ್ಯಾಗ ಆ ಮಾತು ಯಾರ ಬಾಯಾಗೂ ಬರಬಾರ್ದು."

"ಅಪ್ಪಾ, ಅದೊಂದ ಮಾತು ನುಂಗಿಬಿಡು. ನನ್ನ ಸಲುವಾಗಿ," ಎಂದಳು ನೀಲಂ ಬಸ್ಸಿನಲ್ಲಿ.

"ನುಂಗ್ತೇನವ್ವಾ."

ಅಂದದ್ದೇನೋ ಅಂದ. ನುಂಗಿದರೆ ನಾಳೆ ದೇವರೆದುರು ಏನು ಹೇಳುವುದು? ನುಂಗದಿದ್ದರೆ ಮಗಳ ಗತಿ?

ಹುಡುಗನ ಮನೆಯಲ್ಲಿ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತಾಗ ಏಲಿಯಮ್ಮ ಇವನ ಕಡೆ ತಿರುಗಿದಳು. "ವಿಶ್ವಾಸ ಪ್ರಮಾಣ ಕನ್ನಡದಾಗ ನೀವ ಹೇಳ್ರಿ." ಪರೀಕ್ಷೆ ಮಾಡಲಿಕ್ಕೆಂದೇ ಕೇಳಿದಳೋ ಏನೋ, ಮುದುಕಿ!

ಸೈಮನ್ ಶುರು ಮಾಡಿದ. ಆ ಜಾಗ ಹತ್ತಿರವಾದಂತೆ ಹೇಳುವುದು ನಿಧಾನವಾಯಿತು. "ಪಿತನಿಂದ..." ಎಂದವನೇ ಗಕ್ಕನೆ ನಿಂತ.

"ಸುತನಿಂದಲೂ ಹೊರಡುವ!"

ಹಿಂದಿನಿಂದ ಗಟ್ಟಿಯಾಗಿ ಹೇಳಿದವಳು ನೀಲಂ. ಅಪ್ಪ ನಿಲ್ಲಿಸಿದಲ್ಲಿಂದ ಮುಂದೆ ಹೇಳಿ ಬೆಳೆದ ಬಾಯಿ, ತಡೆದೀತೇ? ಮುಚ್ಚಿದ್ದ ಕಣ್ಣು ಬಿಟ್ಟಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸೈಮನ್ ಮಗಳ ಕಡೆ ತಿರುಗಿದ. ಕೆಟ್ಟಿತು, ಎಲ್ಲಾ ಕೆಟ್ಟಿತು! ಆದರೂ ಹೆತ್ತವನಾಗಿ ಅವಳನ್ನು ಒಬ್ಬಳನ್ನೇ ಬಿಡುವುದುಂಟೇ? "ಪಿತನಿಂದಲೂ ಸುತನಿಂದಲೂ ಹೊರಡುವ," ಎಂದು ತಾನೂ ಹೇಳಿದ. ಆಮೇಲೆ ಏಲಿಯಮ್ಮನಿಗೆ ಕೈಮುಗಿದ. "ಆಕಿದೇನೂ ತಪ್ಪಿಲ್ರೀ. ನಾ ಕಲಿಸಿದ್ದು. ಸಿಟ್ಟೇನಿದ್ರೂ ನನ್ನ ಮ್ಯಾಲ ಇರ್ಲಿ."

ಏಲಿಯಮ್ಮ ತಂದೆ ಮಗಳಿಬ್ಬರನ್ನೂ ನೋಡಿದಳು.

"ನನ್ನ ಮಾತಿಗೆ ಇಷ್ಟ ಹೆದರೀರೇನ್ರೀ?" ಎಂದಳು. ಸೊಸೆಗೆ, "ಹುಡುಗಿಗೆ ನೀರ ಕೊಡು," ಎಂದಳು. ಮತ್ತೆ ಇವನ ಕಡೆ ತಿರುಗಿ, "ಮುಂದ ಹೇಳ್ರಿ, ಬೀಗರ."

ಮುಂದಿನದು ಸೈಮನ್‌ಗೆ ಏನು ಮಾಡಿದರೂ ನೆನಪಾಗಲಿಲ್ಲ. ಬೀಗರ ಅಂದಳಲ್ಲ ಎಂದು ನಿಂತಲ್ಲೇ ಅತ್ತುಬಿಟ್ಟ.